ಸೈಕಲ್ ರಿಪೇರಿ ಸ್ಟ್ಯಾಂಡಿಗಾಗಿ ಮೂರು ತಿಂಗಳ ಹುಡುಕಾಟ

ಮೊನ್ನೆ ಭಾನುವಾರ ಬೆಳಿಗ್ಗೆ ಹಿತ್ತಲಿನ ಶೀಟಿನ ಮಾಡಿನಡಿ ಸ್ಟೂಲ್ ಹಾಕಿಕೊಂಡು ನೆಟ್ಟಗೆ ಕುಳಿತು, ಒಮ್ಮೆಯೂ ಬೆನ್ನು ಬಗ್ಗಿಸದೆ, ನನ್ನ ಸೈಕಲ್ಲಿನ ಗೇರುಗಳನ್ನು ನಾನೇ ಹೊಂದಿಸಿದೆ. ಕೈಯಿಂದ ಪೆಡಲ್ ತಿರುಗಿಸುತ್ತ ಹೋದಂತೆ ಚೈನ್ ಒಂದೊಂದೇ ಹಲ್ಲುಚಕ್ರವನ್ನು ಏರಿ ಇಳಿಯುವ ಸದ್ದು ಕೇಳಿ ಬಹಳ ಸಂತೋಷವಾಯಿತು. ಆ ಸಂತೋಷದ ಹಿಂದೆ ಮೂರು ತಿಂಗಳ ಓಡಾಟವಿದೆ, ಕೆಲಸಕ್ಕೆ ಬಾರದೆ ಬೇರೆಯವರಿಗೆ ಕೊಟ್ಟ ಒಂದು ಸ್ಟ್ಯಾಂಡ್ (ರಿಪೇರಿಯ ಹೊತ್ತಿಗೆ ಸೈಕಲ್ಲನ್ನು ಎತ್ತಿ ಹಿಡಿಯುವ ಸಾಧನ) ಇದೆ, ಎರಡು ಸಲ ವಾಪಸ್ ಕಳಿಸಿದ ಇನ್ನೊಂದು ಇದೆ, ಆರು ಸಾವಿರ ರೂಪಾಯಿ ದಾಟಿದ ಖರ್ಚಿದೆ. ಮನೆಯಲ್ಲೇ ಸೈಕಲ್ ನೋಡಿಕೊಳ್ಳಬೇಕು, ಆದರೆ ಸ್ಟ್ಯಾಂಡಿಗೆಂದು ಹೆಚ್ಚು ಹಣ ಸುರಿಯಲಾಗದು ಎನ್ನುವವರು ನಾನು ಎಡವಿದ ಕಡೆ ಎಡವಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದಲ್ಲಿ ಪ್ರೌಢಶಾಲೆಯ ಗಣಿತ ಶಿಕ್ಷಕಿ. ಮನೆಯಿಂದ ಶಾಲೆಗೆ ನಾಲ್ಕು ಕಿಲೋಮೀಟರ್. ಆರು ವರ್ಷಗಳಿಂದ ಸೈಕಲ್ಲಿನಲ್ಲೇ ಹೋಗಿ ಬರುತ್ತೇನೆ. ಭಾನುವಾರ ಮಳೆ ಬಿಡುವು ಕೊಟ್ಟರೆ ಪಿಯುಸಿ ಓದುವ ಮಗಳ ಜೊತೆ ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರಿನವರೆಗೆ ಹೋಗುತ್ತೇನೆ. ಅವಳಿಗೆ ಉಮೇದಿದ್ದ ದಿನ ಸಕ್ರೆಬೈಲಿನವರೆಗೂ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕಡೆ ಸೈಕಲ್ ತುಳಿಯುವವರಿಗೆ ನಾನು ಹೇಳಬೇಕಾಗಿಲ್ಲ. ಕೆಸರು ಚೈನಿನ ಕೊಂಡಿಗಳ ನಡುವೆ ಸೇರಿಕೊಂಡು ಸಾಣೆಕಲ್ಲಿನಂತೆ ಲೋಹವನ್ನು ತಿನ್ನುತ್ತದೆ. ವಾರಕ್ಕೊಮ್ಮೆಯಾದರೂ ತೊಳೆದು, ಒರೆಸಿ, ಎಣ್ಣೆ ಬಿಡದಿದ್ದರೆ ಮಳೆಗಾಲ ಮುಗಿಯುವಷ್ಟರಲ್ಲಿ ಚೈನ್ ಹೋಗಿರುತ್ತದೆ, ಅದರ ಜೊತೆ ಹಲ್ಲುಚಕ್ರಗಳೂ ಸವೆದಿರುತ್ತವೆ.

ಈ ಕೆಲಸವನ್ನೆಲ್ಲ ಮೊದಲು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ಮಾಡುತ್ತಿದ್ದೆ. ಎರಡು ವರ್ಷಗಳ ಹಿಂದೆ ಬೆನ್ನಿನ ಡಿಸ್ಕ್ ಜಾರಿತು. ಒಂದೂವರೆ ತಿಂಗಳು ಮಲಗಿದ್ದೆ. ಸೈಕಲ್ ತುಳಿಯಲು ವೈದ್ಯರು ಅಡ್ಡಿ ಹೇಳಲಿಲ್ಲ, ಆದರೆ ಮುಂದಕ್ಕೆ ಬಾಗಿ ಹೊತ್ತುಗಟ್ಟಲೆ ಕೆಲಸ ಮಾಡಕೂಡದು ಎಂದರು. ಅಲ್ಲಿಂದ ಮುಂದೆ ಚೈನ್ ಒರೆಸುವುದಕ್ಕೂ ಸೈಕಲ್ ಅಂಗಡಿಗೆ ಹೋಗಬೇಕಾಯಿತು. ಒಂದು ಸರ್ವಿಸಿಗೆ 500 ರೂಪಾಯಿ, ಕೆಟ್ಟು ನಿಂತಿದ್ದರೆ ಲಗೇಜ್ ಆಟೋದ ಬಾಡಿಗೆ ಬೇರೆ. ಹಣಕ್ಕಿಂತಲೂ, ನನ್ನ ಕೈಯಲ್ಲಿ ಆಗುತ್ತಿದ್ದ ಕೆಲಸವನ್ನು ಬಿಟ್ಟುಕೊಟ್ಟೆನಲ್ಲ ಎಂಬುದೇ ಹೆಚ್ಚು ನೋಯಿಸುತ್ತಿತ್ತು.

ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡರೆ ಸಾಲದೇ ಎಂದು ಹಲವರು ಕೇಳಿದರು. ಪಂಕ್ಚರ್ ಹಾಕಲು ಸಾಕು. ಆದರೆ ನನ್ನ ಸೈಕಲ್ಲಿಗೆ ಹೈಡ್ರಾಲಿಕ್ ಡಿಸ್ಕ್ ಬ್ರೇಕ್, ಅಂದರೆ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಬ್ರೇಕ್ ಇದೆ. ಬ್ರೇಕ್ ಹಿಡಿಯಲ್ಲಿರುವ ಎಣ್ಣೆಯ ಪುಟ್ಟ ತೊಟ್ಟಿಯಲ್ಲಿ ಸ್ವಲ್ಪ ಗಾಳಿ ಇದ್ದರೂ, ತಲೆಕೆಳಗು ಮಾಡಿದಾಗ ಅದು ಕೊಳವೆಯೊಳಗೆ ಹೋಗಿ ಬ್ರೇಕ್ ಹಿಡಿ ಸ್ಪಂಜಿನ ಹಾಗೆ ಮೆತ್ತಗಾಗಬಹುದು. ನನಗೆ ಒಮ್ಮೆ ಹಾಗಾಗಿ, ಮರುದಿನ ಬೆಳಿಗ್ಗೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಎದೆ ಧಸಕ್ಕೆಂದಿತ್ತು. ಅಲ್ಲದೆ ಹ್ಯಾಂಡಲ್ ಮೇಲಿನ ಗೇರ್ ಗುಂಡಿಗಳು ನೆಲಕ್ಕೆ ಒತ್ತಿ ಉಜ್ಜುತ್ತವೆ, ಎಡಬಲ ಅದಲುಬದಲಾಗಿ ಕಾಣುತ್ತದೆ. ಎಷ್ಟೇ ಮಾಡಿದರೂ ಬಗ್ಗುವುದಂತೂ ತಪ್ಪುವುದಿಲ್ಲ.

ಗಾಂಧಿ ಬಜಾರಿನ ಕಡೆ ನಾನು ಯಾವಾಗಲೂ ಹೋಗುವ ಅಂಗಡಿಯ ಯಜಮಾನರಿಗೆ ವಿಷಯ ಹೇಳಿದೆ. ನಲವತ್ತು ವರ್ಷಗಳಿಂದ ಸೈಕಲ್ ಬಿಚ್ಚಿ ಕೂಡಿಸುತ್ತ ಬಂದವರು. "ಅದಕ್ಕೆಲ್ಲ ಸ್ಟ್ಯಾಂಡ್ ಏಕೆ ಮೇಡಂ? ಎರಡು ಹಗ್ಗ ಸಾಕು" ಎಂದು ಮಾಡಿನ ಕಡೆ ಕೈ ತೋರಿಸಿದರು. ತೊಲೆಯಿಂದ ಎರಡು ಹಗ್ಗಗಳು ಇಳಿಬಿದ್ದಿದ್ದವು, ತುದಿಗೊಂದು ಕೊಕ್ಕೆ. ಒಂದನ್ನು ಸೀಟಿನ ಮೂತಿಗೆ, ಇನ್ನೊಂದನ್ನು ಹ್ಯಾಂಡಲ್‌ಗೆ ಸಿಕ್ಕಿಸಿದರೆ ಸೈಕಲ್ ಎದೆಯ ಮಟ್ಟಕ್ಕೆ ಬಂದು ನಿಲ್ಲುತ್ತದೆ. ನಾನೂ ಮನೆಯಲ್ಲಿ ಮಾಡಿ ನೋಡಿದೆ. ಹಗ್ಗ, ಕೊಕ್ಕೆ ಸೇರಿ 80 ರೂಪಾಯಿ. ತೊಳೆಯುವುದಕ್ಕೆ, ಒರೆಸುವುದಕ್ಕೆ ಇದಕ್ಕಿಂತ ಅಗ್ಗದ ಉಪಾಯ ಇಲ್ಲ. ಗಟ್ಟಿ ತೊಲೆ ಇರುವ ಮನೆಯವರು ಮೊದಲು ಇದನ್ನೇ ಪ್ರಯತ್ನಿಸಿ ಎಂದು ಮನಸಾರೆ ಹೇಳುತ್ತೇನೆ. ತೊಡಕು ಒಂದೇ. ಸ್ಪ್ಯಾನರ್ ಹಾಕಿ ಒತ್ತಿದೊಡನೆ ಸೈಕಲ್ ಉಯ್ಯಾಲೆಯಂತೆ ದೂರ ಹೋಗುತ್ತದೆ. ಒಂದು ಕೈಯಲ್ಲಿ ಅದನ್ನು ಹಿಡಿದುಕೊಳ್ಳಬೇಕು, ಇನ್ನೊಂದರಲ್ಲಿ ಪೆಡಲ್ ತಿರುಗಿಸಬೇಕು, ಗೇರಿನ ತಿರುಪು ತಿರುಗಿಸಲು ಮೂರನೆಯ ಕೈ ಬೇಕು. ಯಜಮಾನರಿಗೆ ಸಹಾಯಕ್ಕೆ ಹುಡುಗನಿದ್ದಾನೆ, ನನಗೆ ಇಲ್ಲ.

ಹೀಗೆ ಜೂನ್ ಮೊದಲ ವಾರ ಸ್ಟ್ಯಾಂಡಿನ ಹುಡುಕಾಟ ಶುರುವಾಯಿತು. ಬೆಲೆಗಳನ್ನು ನೋಡಿ ಗಾಬರಿಯಾಯಿತು. ಒಂದು ತುದಿಯಲ್ಲಿ 700 ರೂಪಾಯಿಯ ಬಾಗಿದ ಕಂಬಿ, ಇನ್ನೊಂದು ತುದಿಯಲ್ಲಿ 20 ಸಾವಿರ ದಾಟಿದ ಆಮದು ಸ್ಟ್ಯಾಂಡುಗಳು. ಸೈಕಲ್ ಸಾಧನಗಳಲ್ಲಿ ದೊಡ್ಡ ಹೆಸರಾದ ಅಮೆರಿಕದ ಪಾರ್ಕ್ ಟೂಲ್ ಕಂಪನಿ ಹುಟ್ಟಿದ್ದೇ ರಿಪೇರಿ ಸ್ಟ್ಯಾಂಡಿನಿಂದ. 1963ರಲ್ಲಿ ಮಿನೆಸೋಟಾದ ಸೇಂಟ್ ಪಾಲ್ ನಗರದಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದ ಇಬ್ಬರು, ನೆಲದಲ್ಲಿ ಕೂತು ಬಗ್ಗಿ ದುಡಿದು ಸಾಕಾಗಿ, ತಮ್ಮ ಬಳಕೆಗೆಂದು ಒಂದು ಸ್ಟ್ಯಾಂಡ್ ಮಾಡಿಕೊಂಡರಂತೆ. ಅದನ್ನು ಓದಿದಾಗ ನನ್ನ ಬೆನ್ನಿಗೆ ಜೊತೆ ಸಿಕ್ಕಂತಾಯಿತು. ಆದರೆ ಆ ಬೆಲೆ ನನ್ನದಲ್ಲ. ಆರು ಸಾವಿರಕ್ಕೆ ಮಿತಿ ಹಾಕಿಕೊಂಡೆ.

ಮೊದಲು ಕೊಂಡದ್ದು ಅಗ್ಗದ್ದನ್ನೇ, ಹಿಂದಿನ ಚಕ್ರವನ್ನು ಎತ್ತಿ ಹಿಡಿಯುವ ಕಂಬಿ ಸ್ಟ್ಯಾಂಡ್. ಅಂಗಡಿಗಳಲ್ಲಿ ಹೊಸ ಸೈಕಲ್ ನಿಲ್ಲಿಸಿಡಲು ಬಳಸುತ್ತಾರಲ್ಲ, ಅದು. ಎರಡು ತೋಳುಗಳು ಹಿಂಚಕ್ರದ ಎರಡೂ ಪಕ್ಕದಿಂದ ಬಂದು ಫ್ರೇಮಿನ ಕೊಳವೆಗಳನ್ನು ಹಿಡಿಯುತ್ತವೆ, ಚಕ್ರ ನೆಲದಿಂದ ಎರಡು ಬೆರಳು ಮೇಲೆ ಏಳುತ್ತದೆ. 850 ರೂಪಾಯಿ. ಪೆಟ್ಟಿಗೆ ಬಂದ ವಾರ ಶಾಲೆಯಲ್ಲಿ ದಾಖಲಾತಿಯ ಗಡಿಬಿಡಿ, ಬಿಚ್ಚಿ ನೋಡಿದ್ದು ಒಂಬತ್ತನೆಯ ದಿನ. ಹಾಕಲು ಹೋದರೆ ಎಡಗಡೆಯ ತೋಳಿಗೆ ಜಾಗವೇ ಇಲ್ಲ. ನನ್ನ ಸೈಕಲ್ಲಿನ ಹಿಂದಿನ ಡಿಸ್ಕ್ ಬ್ರೇಕಿನ ಕ್ಯಾಲಿಪರ್, ಅಂದರೆ ಡಿಸ್ಕನ್ನು ಒತ್ತಿ ಹಿಡಿಯುವ ಭಾಗ, ಸರಿಯಾಗಿ ಅದೇ ಜಾಗದಲ್ಲಿ ಕೂತಿದೆ. ಒತ್ತಿ ಕೂರಿಸಿದರೆ ಎಣ್ಣೆಯ ಕೊಳವೆ ಮಡಚಿಕೊಳ್ಳುತ್ತಿತ್ತು. ವಾಪಸ್ ಮಾಡೋಣವೆಂದರೆ ಏಳು ದಿನಗಳ ಗಡುವು ಮುಗಿದಿತ್ತು. ಅಣ್ಣನ ಮಗನ ಸೈಕಲ್ಲಿಗೆ ಚಕ್ರದ ಅಂಚನ್ನು ಒತ್ತುವ ಸಾಧಾರಣ ರಿಮ್ ಬ್ರೇಕ್. ಅವನಿಗೆ ಅದು ಸೊಗಸಾಗಿ ಹೊಂದಿತು, ಕೊಟ್ಟುಬಿಟ್ಟೆ. ನಿಮ್ಮದು ರಿಮ್ ಬ್ರೇಕಿನ ಸೈಕಲ್ ಆಗಿದ್ದು, ಚೈನ್ ಶುಚಿ ಮಾಡುವುದು, ಗೇರ್ ಹೊಂದಿಸುವುದು ಇಷ್ಟೇ ಕೆಲಸವಾದರೆ, ತಗ್ಗಿನಲ್ಲಿ ಕುಳಿತು ಮಾಡಲು ನಿಮ್ಮ ಬೆನ್ನು ಒಪ್ಪಿದರೆ, ಈ ಕಂಬಿಗೆ ಸಾವಿರ ರೂಪಾಯಿಯೊಳಗೆ ಎಲ್ಲವೂ ಮುಗಿಯುತ್ತದೆ. ಹಿಂದಿನ ಚಕ್ರ ಬಿಚ್ಚಲು ಮಾತ್ರ ಇದು ಆಗುವುದಿಲ್ಲ, ಸ್ಟ್ಯಾಂಡ್ ಹಿಡಿದಿರುವುದೇ ಆ ಜಾಗವನ್ನು. ಯಾವುದೇ ಸ್ಟ್ಯಾಂಡ್ ಮನೆಗೆ ಬಂದ ದಿನವೇ ಸೈಕಲ್ ಏರಿಸಿ ನೋಡಿ. ಮರುದಿನಕ್ಕೆ ಇಡಬೇಡಿ.

ಇನ್ನು ಉಳಿದದ್ದು ಮೂರು ಕಾಲಿನ ಕಂಬದ ಮೇಲೆ ಹಿಡಿಯುವ ಬಾಯಿ ಇರುವ ಕ್ಲಾಂಪ್ ಸ್ಟ್ಯಾಂಡ್. ಕೊಳ್ಳುವ ಮೊದಲು ಈ ಸಲ ಅಳತೆಗೆ ಕೂತೆ. ಕ್ಲಾಂಪ್ ಹಿಡಿಯಬೇಕಾದ್ದು ಸೀಟಿನ ಕೆಳಗಿನ ಕೊಳವೆಯನ್ನು, ಅಂದರೆ ಸೀಟ್ ಪೋಸ್ಟನ್ನು. ಫ್ರೇಮಿನ ಮೇಲುಕೊಳವೆಯನ್ನು ಹಿಡಿಸಬಾರದು. ಈಗಿನ ಅಲ್ಯೂಮಿನಿಯಂ ಫ್ರೇಮುಗಳ ಗೋಡೆ ಬಲು ತೆಳು, ನೆಗ್ಗಿಹೋಗುತ್ತದೆ. ಕಾರ್ಬನ್ ಫೈಬರ್ ಫ್ರೇಮ್ ಆದರೆ ಬಿರುಕೇ ಬಿಡಬಹುದು. ಸೀಟ್ ಪೋಸ್ಟಿನ ದಪ್ಪ ಅಳೆಯಲು ವರ್ನಿಯರ್ ಇಲ್ಲದಿದ್ದರೆ ಚಿಂತಿಸಬೇಡಿ. ಹೊಲಿಗೆಯ ದಾರವನ್ನು ಒಂದು ಸುತ್ತು ಬಿಗಿಯಾಗಿ ಸುತ್ತಿ, ಗುರುತು ಹಾಕಿ, ಬಿಚ್ಚಿ ಸ್ಕೇಲಿನ ಮೇಲಿಟ್ಟು, ಬಂದ ಉದ್ದವನ್ನು 3.14ರಿಂದ ಭಾಗಿಸಿ. ನನ್ನದು 85.5 ಮಿಲಿಮೀಟರ್ ಬಂತು, ಭಾಗಿಸಿದರೆ 27.2. ಅದು ಬಹಳ ಸೈಕಲ್ಲುಗಳಲ್ಲಿರುವ ಅಳತೆ. ಐದನೆಯ ತರಗತಿಯ ಮಗನ 24 ಇಂಚಿನ ಸೈಕಲ್ಲಿನದು 80ಕ್ಕೆ ತುಸು ಕಡಿಮೆ, ಅಂದರೆ 25.4. ಎಂಟನೆಯ ತರಗತಿಗೆ ವೃತ್ತದ ಪರಿಧಿ ಕಲಿಸುವಾಗ ಈ ದಾರವನ್ನೇ ಕೊಂಡೊಯ್ದು ತೋರಿಸಿದೆ, ಮಕ್ಕಳು ತಮ್ಮ ತಮ್ಮ ಸೈಕಲ್ಲುಗಳನ್ನು ಅಳೆಯಲು ಮೈದಾನಕ್ಕೆ ಓಡಿದರು.

ತೂಕ ನೋಡಲು ಮಗಳು ಸೈಕಲ್ ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತಳು. ಅವಳ ತೂಕ ಕಳೆದರೆ 14 ಕಿಲೋ 300 ಗ್ರಾಂ. ಸ್ಟ್ಯಾಂಡುಗಳ ಮೇಲೆ 25 ಕಿಲೋ, 30 ಕಿಲೋ ಹೊರುತ್ತದೆ ಎಂದು ಬರೆದಿರುತ್ತಾರೆ, ಆದ್ದರಿಂದ ತೊಂದರೆಯೇ ಇಲ್ಲ ಎಂದುಕೊಂಡೆ. ಆ ಲೆಕ್ಕ ತಪ್ಪು ಎಂದು ತಿಳಿಯಲು ಇನ್ನೂ ಒಂದು ತಿಂಗಳಿತ್ತು.

2,899 ರೂಪಾಯಿಗೆ ಒಂದು ಕ್ಲಾಂಪ್ ಸ್ಟ್ಯಾಂಡ್ ತರಿಸಿದೆ. ಮಳೆಯಿಂದ ತಡವಾಗಿ ಒಂಬತ್ತನೆಯ ದಿನ ಬಂತು. ಪೆಟ್ಟಿಗೆಯ ಮೂಲೆ ಹರಿದಿತ್ತು. ತೆರೆದರೆ ಕ್ಲಾಂಪಿನ ಕೆಳದವಡೆಯ ಪ್ಲಾಸ್ಟಿಕ್ಕಿನಲ್ಲಿ, ಬೋಲ್ಟ್ ಕೂರುವ ತೂತಿನ ಪಕ್ಕ, ಕೂದಲೆಳೆಯಂಥ ಬಿರುಕು. ಬದಲಿ ಕೇಳಿದರೆ ಪೆಟ್ಟಿಗೆ ತೆರೆಯುವಾಗ ತೆಗೆದ ವಿಡಿಯೊ ಕಳಿಸಿ ಎಂದರು. ವಿಡಿಯೊ ತೆಗೆಯಬೇಕೆಂಬುದೇ ನನಗೆ ಗೊತ್ತಿರಲಿಲ್ಲ. ಬಿರುಕಿನ ಫೋಟೊ ನಾಲ್ಕು, ಪೆಟ್ಟಿಗೆಯ ಮೇಲಿನ ಚೀಟಿಯ ಫೋಟೊ, ಹರಿದ ಮೂಲೆಯ ಫೋಟೊ, ಬಿಲ್ಲಿನ ಪಿಡಿಎಫ್ ಎಲ್ಲ ಕಳಿಸಿದೆ. ಮೂರು ದಿನ ಉತ್ತರವಿಲ್ಲ. ಮತ್ತೆ ಕರೆ ಮಾಡಿದರೆ ಬೇರೊಬ್ಬರು, ಮೊದಲಿನಿಂದ ಕಥೆ ಹೇಳಬೇಕು. ಪಾಠದ ನಡುವಿನ ಹತ್ತು ನಿಮಿಷಗಳ ಬಿಡುವಿನಲ್ಲಿ ಫೋನ್ ಕಿವಿಗಿಟ್ಟುಕೊಂಡು ಸಂಗೀತ ಕೇಳುತ್ತ ನಿಂತ ದಿನಗಳು ಎಷ್ಟೋ. ಕೊನೆಗೆ ಒಪ್ಪಿದರು, ಆದರೆ ಮೊದಲು ಬಂದ ಪೆಟ್ಟಿಗೆಯಲ್ಲೇ ತುಂಬಿ ಕೊಡಬೇಕೆಂಬ ನಿಬಂಧನೆ ಹಾಕಿದರು. ಪುಣ್ಯಕ್ಕೆ ರದ್ದಿಗೆ ಹಾಕಿರಲಿಲ್ಲ. ಹರಿದ ಮೂಲೆಗೆ ರಟ್ಟು, ಅಗಲದ ಟೇಪ್ ಎಂದು 120 ರೂಪಾಯಿ ಹೋಯಿತು. ಬದಲಿ ಸ್ಟ್ಯಾಂಡ್ ಕೈಸೇರಿದ್ದು ದೂರು ಕೊಟ್ಟ ಹದಿನೇಳನೆಯ ದಿನ. ಈ ಸಲ ಮಗಳು ಪೆಟ್ಟಿಗೆಯ ನಾಲ್ಕೂ ಬದಿ ತೋರಿಸಿ, ಚೀಟಿ ಓದಿಸಿ, ಬ್ಲೇಡ್ ಹಾಕುವಲ್ಲಿಂದ ಕೊನೆಯ ಸ್ಕ್ರೂವರೆಗೂ ವಿಡಿಯೊ ಮಾಡಿದಳು. ನೀವೂ ಹಾಗೆ ಮಾಡಿ. ವಾಪಸಾತಿಯ ಗಡುವು ಮುಗಿಯುವವರೆಗೆ ಪೆಟ್ಟಿಗೆಯನ್ನು ಒಣಗಿದ ಜಾಗದಲ್ಲಿ ಇಟ್ಟುಕೊಳ್ಳಿ.

ಬದಲಿ ಸ್ಟ್ಯಾಂಡಿನಲ್ಲಿ ಬಿರುಕಿರಲಿಲ್ಲ. ಎರಡು ಸಲ ಸೈಕಲ್ ಏರಿಸಿ ತೊಳೆದೆ. ಮೂರನೆಯ ಸಲ, ಪೆಡಲ್ ತಿರುಗಿಸುತ್ತಿದ್ದಾಗ, ಕ್ಲಾಂಪಿನ ತಲೆ ಮೆಲ್ಲಗೆ ತಿರುಗಿ ಸೈಕಲ್ಲಿನ ಮುಂಭಾಗ ಕೆಳಗೆ ಜಾರಿತು. ಮುಂಚಕ್ರ ನೆಲಕ್ಕೆ ಬಡಿಯಿತು, ಹ್ಯಾಂಡಲ್ ತುಳಸಿಕಟ್ಟೆಗೆ ತಾಗಿ ಗೀರು ಬಿತ್ತು. ಮಗ ಅದೇ ಹೊತ್ತಿಗೆ ಮುಂದೆ ನಿಂತಿದ್ದರೆ ಎಂದು ನೆನೆದು ಕೈಕಾಲು ನಡುಗಿದವು. ಎಷ್ಟು ಬಿಗಿದರೂ ಅದೇ ಕಥೆ.

ಮರುದಿನ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಿಗೆ ಹೇಳಿದಾಗ ಅವರು ಕಪ್ಪುಹಲಗೆಯ ಮೇಲೆ ಗೆರೆ ಎಳೆದು ತೋರಿಸಿದರು. ಕ್ಲಾಂಪ್ ಹಿಡಿದಿರುವುದು ಸೈಕಲ್ಲಿನ ಹಿಂಭಾಗದ ಸೀಟ್ ಪೋಸ್ಟನ್ನು. ಸೈಕಲ್ಲಿನ ಭಾರದ ನಡುಬಿಂದು ಅಲ್ಲಿಂದ ಸಾಕಷ್ಟು ಮುಂದಿದೆ. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡರೆ ಮೈಲಿ ನಡೆಯಬಹುದು, ಅದನ್ನೇ ಚಾಚಿದ ಕೈಯಲ್ಲಿ ಹಿಡಿದರೆ ಅರೆಕ್ಷಣ ಆಗುವುದಿಲ್ಲ. ಸ್ಟ್ಯಾಂಡಿನ ಕಂಬ 25 ಕಿಲೋ ಹೊರುತ್ತದೆ ಎನ್ನುವುದು ನಿಜವಿರಬಹುದು. ಸೋಲುವುದು ಕಂಬವಲ್ಲ, ತಿರುಗುವ ತಲೆ. ನನ್ನ ಸ್ಟ್ಯಾಂಡಿನ ತಲೆಯೊಳಗೆ ನುಣುಪಾದ ಎರಡು ಪ್ಲಾಸ್ಟಿಕ್ ಬಿಲ್ಲೆಗಳು ಒಂದಕ್ಕೊಂದು ಒತ್ತಿಕೊಂಡಿದ್ದವು, ಅಷ್ಟೇ. ಅಲ್ಲಿ ಗರಗಸದ ಹಾಗೆ ಒಂದರೊಳಗೊಂದು ಕೂರುವ ಲೋಹದ ಹಲ್ಲುಗಳಿರಬೇಕು. ಅಗ್ಗದ ಸ್ಟ್ಯಾಂಡ್ ಕೊಳ್ಳುವವರು ಬಣ್ಣ, ಕಾಲು, ಉಪಕರಣ ಇಡುವ ತಟ್ಟೆ ಇವನ್ನೆಲ್ಲ ಬಿಟ್ಟು ಈ ಒಂದನ್ನು ನೋಡಬೇಕು. ಸೀಟ್ ಪೋಸ್ಟನ್ನು ಹಿಡಿಯುವ ದವಡೆ ಬೇರೆ, ಇಡೀ ತಲೆಯನ್ನು ಕೋನದಲ್ಲಿ ನಿಲ್ಲಿಸುವ ಬೀಗ ಬೇರೆ, ಎರಡೂ ಗಟ್ಟಿಯಿರಬೇಕು.

ಬದಲಿ ಬಂದು ಆರೇ ದಿನವಾಗಿತ್ತು, ಹತ್ತು ದಿನಗಳ ಗಡುವು ಇನ್ನೂ ಮುಗಿದಿರಲಿಲ್ಲ. ತಲೆ ಜಾರುವ ವಿಡಿಯೊ ಕಳಿಸಿದ ಮೇಲೆ ಹೆಚ್ಚು ವಾದವಾಗಲಿಲ್ಲ. ಹಣ ಎಂಟು ದಿನಗಳಲ್ಲಿ ಖಾತೆಗೆ ಬಂತು.

ಆ ನಡುವೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ವೆಲ್ಡಿಂಗ್ ಅಂಗಡಿಯೊಂದಕ್ಕೂ ಹೋಗಿದ್ದೆ. ದಪ್ಪ ಕಬ್ಬಿಣದ ತಟ್ಟೆಯ ಮೇಲೆ ಜಿಐ ಪೈಪ್ ನಿಲ್ಲಿಸಿ, ಬಣ್ಣ ಹೊಡೆದು ಕೊಡಲು 2,200 ರೂಪಾಯಿ ಹೇಳಿದರು. ಆ ಕೆಲಸಗಾರರ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು. "ಅಕ್ಕಾ, ಕಂಬ ಎಷ್ಟು ಗಟ್ಟಿ ಬೇಕೋ ಅಷ್ಟು ಗಟ್ಟಿ ಮಾಡಿಕೊಡುತ್ತೇನೆ. ಆದರೆ ತಿರುಗಿಸಿದಾಗ ತಿರುಗಿ, ನಿಲ್ಲಿಸಿದಲ್ಲಿ ನಿಲ್ಲುವ ತಲೆ ಬೇಕೆಂದರೆ ಲೇತ್ ಕೆಲಸ ಆಗಬೇಕು. ಅದಕ್ಕೆ ನೀವು ಹೇಳುವ ದುಡ್ಡು ಸಾಲದು" ಎಂದರು. ಅಲ್ಲದೆ ಇಪ್ಪತ್ತು ಕಿಲೋ ತೂಗುವ ಕಬ್ಬಿಣವನ್ನು ನಾನು ಜರುಗಿಸುವಂತಿಲ್ಲ. ಷೆಡ್ ಇದ್ದು ಒಂದೇ ಕಡೆ ಸ್ಥಿರವಾಗಿ ನಿಲ್ಲಿಸಬಲ್ಲವರು, ತಿರುಗುವ ತಲೆ ಬೇಡ ಎನ್ನುವವರು ಈ ದಾರಿ ಹಿಡಿಯಬಹುದು.

ಜುಲೈ ಕೊನೆಗೆ ನಿಜವಾಗಿಯೂ ಕೈಚೆಲ್ಲಿದ್ದೆ. ಹಾಳಾದ ಚೈನ್ ಕಿರ್ ಎನ್ನುತ್ತಿತ್ತು, ಮಳೆ ಬಿಡುತ್ತಿರಲಿಲ್ಲ, ಮನೆಯಲ್ಲಿ ಒಂದು ಸ್ಟ್ಯಾಂಡೂ ಇರಲಿಲ್ಲ. ಮಗಳು, "ಅಮ್ಮಾ, ಮದುವೆಗೆ ಬೆಂಗಳೂರಿಗೆ ಹೋಗುತ್ತೇವಲ್ಲ, ಅಲ್ಲಿ ಕೈಯಿಂದ ಮುಟ್ಟಿ ನೋಡಿ ತರೋಣ" ಎಂದಳು. ಅದು ಆಗಬೇಕಾಗಿದ್ದ ಮಾತು. ಆಗಸ್ಟ್‌ನಲ್ಲಿ ಜನಶತಾಬ್ದಿ ರೈಲಿಗೆ ಹತ್ತುವಾಗ ನನ್ನ ಚೀಲದಲ್ಲಿ ಸೀರೆಗಳ ಜೊತೆ, ಹಳೆಯ ದಿನಪತ್ರಿಕೆಯಲ್ಲಿ ಸುತ್ತಿದ ನನ್ನ ಸೈಕಲ್ಲಿನ ಸೀಟ್ ಪೋಸ್ಟ್ ಇತ್ತು. ಒಂದು ಚೀಟಿಯಲ್ಲಿ ನಾಲ್ಕು ಅಂಕಿಗಳೂ ಇದ್ದವು: ಪೋಸ್ಟಿನ ದಪ್ಪ, ಹೊರಗೆ ಕಾಣುವ ಪೋಸ್ಟಿನ ಉದ್ದ, ಸೈಕಲ್ಲಿನ ತೂಕ, ಮತ್ತು ನೆಲದಿಂದ ಪೋಸ್ಟಿನವರೆಗಿನ ಎತ್ತರ.

ಕೊನೆಯ ಅಂಕಿಯ ಬಗ್ಗೆ ಹೇಳಲೇಬೇಕು. ಎಲ್ಲ ಸ್ಟ್ಯಾಂಡುಗಳೂ ತಾವು ಎಷ್ಟು ಎತ್ತರಕ್ಕೆ ಹೋಗುತ್ತೇವೆ ಎಂದು ದೊಡ್ಡದಾಗಿ ಬರೆದುಕೊಳ್ಳುತ್ತವೆ. ಬೆನ್ನುನೋವಿನವರಿಗೆ ಬೇಕಾದ್ದು ಅದಲ್ಲ, ಅವು ಎಷ್ಟು ತಗ್ಗಿಗೆ ಇಳಿಯುತ್ತವೆ ಎಂಬುದು. ನನ್ನ ಪೋಸ್ಟ್ ನೆಲದಿಂದ ಸುಮಾರು 85 ಸೆಂಟಿಮೀಟರ್ ಎತ್ತರದಲ್ಲಿದೆ. ವಾಪಸ್ ಕಳಿಸಿದ ಸ್ಟ್ಯಾಂಡಿನ ಅತಿ ತಗ್ಗಿನ ಮಟ್ಟ 110. ಎಂದರೆ ಪ್ರತಿ ಸಲವೂ 14 ಕಿಲೋ ಸೈಕಲ್ಲನ್ನು 25 ಸೆಂಟಿಮೀಟರ್ ಎತ್ತಿ, ಹಾಗೇ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ತಿರುಪು ಬಿಗಿಯಬೇಕು. ಬೆನ್ನು ಉಳಿಸಲು ತಂದ ಸ್ಟ್ಯಾಂಡೇ ಬೆನ್ನಿಗೆ ಮುಳುವಾಗುತ್ತಿತ್ತು. 100ಕ್ಕೆ ಇಳಿಯುವ ಸ್ಟ್ಯಾಂಡ್ ಸಿಕ್ಕರೆ ಎತ್ತಬೇಕಾದ್ದು ಗೇಣಿಗಿಂತ ಕಡಿಮೆ. ಅಷ್ಟರಲ್ಲೇ ಚಕ್ರ ಸಲೀಸಾಗಿ ತಿರುಗುತ್ತದೆ, ಸ್ಟೂಲಿನ ಮೇಲೆ ಕುಳಿತರೆ ಚೈನ್ ಕೈಯಳತೆಗೆ ಬರುತ್ತದೆ.

ಬೆಂಗಳೂರಿನ ಮೊದಲ ಅಂಗಡಿಯಲ್ಲಿ ದುಬಾರಿಯದು ಮಾತ್ರ ಇತ್ತು. ಎರಡನೆಯದರಲ್ಲಿ ಮೂರು ಬಗೆ ಜೋಡಿಸಿ ನಿಲ್ಲಿಸಿದ್ದರು. ಪತ್ರಿಕೆ ಬಿಚ್ಚಿ ಸೀಟ್ ಪೋಸ್ಟ್ ತೆಗೆದಾಗ ಅಂಗಡಿಯವರು ಆಶ್ಚರ್ಯದಿಂದ ನೋಡಿದರು, ಆಮೇಲೆ ತಾವೇ ಉತ್ಸಾಹದಿಂದ ಮೂರರಲ್ಲೂ ಸಿಕ್ಕಿಸಿ ತೋರಿಸಿದರು. ಒಂದರ ದವಡೆ 27 ಮಿಲಿಮೀಟರಿಗೆ ಪೂರ್ತಿ ಮುಚ್ಚುತ್ತಲೇ ಇರಲಿಲ್ಲ, ಅದು ದಪ್ಪ ಪೋಸ್ಟುಗಳಿಗೆ ಮಾಡಿದ್ದು. ಇನ್ನೊಂದರ ತಲೆಯಲ್ಲಿ ಹಲ್ಲುಗಳಿರಲಿಲ್ಲ. ಮೂರನೆಯದು ಉಕ್ಕಿನ ಕಂಬ, ಲೋಹದ ಹಲ್ಲಿನ ತಲೆ, ದವಡೆಗೆ ರಬ್ಬರ್, ಮೂರು ಕಾಲು, ಅತಿ ತಗ್ಗಿನ ಮಟ್ಟ 98 ಸೆಂಟಿಮೀಟರ್. ಅಂಗಡಿಯದೇ ಒಂದು ಸೈಕಲ್ಲನ್ನು ಅದರಲ್ಲಿ ನಿಲ್ಲಿಸಿ, ಒಪ್ಪಿಗೆ ಪಡೆದು, ಮುಂಚಕ್ರವನ್ನು ಕೈಯಿಂದ ಕೆಳಕ್ಕೆ ಒತ್ತಿ ನೋಡಿದೆ. ತಲೆ ಮಿಸುಕಲಿಲ್ಲ. 5,200 ಎಂದದ್ದು 4,900ಕ್ಕೆ ಇಳಿಯಿತು. ಜಿಎಸ್‌ಟಿ ಬಿಲ್ ಬರೆಸಿಕೊಂಡೆ. ಲೋಹದ ಭಾಗಕ್ಕೆ ಒಂದು ವರ್ಷ ಖಾತ್ರಿ, ರಬ್ಬರಿಗೆ ಇಲ್ಲ. ಬಿಲ್ಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಅಲ್ಲೇ ಫೋಟೊ ತೆಗೆದಿಟ್ಟುಕೊಳ್ಳಿ. ಏಳು ಕಿಲೋದ ಉದ್ದನೆಯ ಪೆಟ್ಟಿಗೆಯನ್ನು ರೈಲಿನವರೆಗೆ ಅಣ್ಣ ಹೊತ್ತ, ಶಿವಮೊಗ್ಗದಲ್ಲಿ ಮಗಳು.

ಮನೆಯಲ್ಲಿ ಇನ್ನೂ ಒಂದು ತೊಡಕು ಕಾದಿತ್ತು. ನಾನು ಕುಳ್ಳಿ, ಸೀಟನ್ನು ತಗ್ಗಿಸಿಕೊಂಡಿದ್ದೇನೆ, ಆದ್ದರಿಂದ ಪೋಸ್ಟ್ ಹೊರಗೆ ಕಾಣುವುದು 6 ಸೆಂಟಿಮೀಟರ್. ದವಡೆಯ ಅಗಲ ಏಳೂವರೆ. ಪ್ರತಿ ಸಲವೂ ಸೀಟ್ ಎತ್ತರಿಸಬೇಕು. ಮೊದಲಿದ್ದ ಮಟ್ಟಕ್ಕೆ ಕಪ್ಪು ಇನ್ಸುಲೇಶನ್ ಟೇಪಿನ ಒಂದು ಸುತ್ತು ಹಾಕಿದ್ದೇನೆ, ಮರಳಿ ಇಳಿಸುವಾಗ ಅಲ್ಲಿಗೇ ಬರುತ್ತದೆ. ಪೋಸ್ಟಿನ ಮೇಲೆ ಇದಕ್ಕಿಂತ ಹೆಚ್ಚು ಎಳೆಯಬಾರದೆಂಬ ಗೆರೆ ಕೊರೆದಿರುತ್ತದೆ, ಅದನ್ನು ದಾಟಬಾರದು. ಮಗನ ಸೈಕಲ್ಲಿನಲ್ಲಿ ಪೋಸ್ಟ್ ಹೊರಗೆ ಕಾಣುವುದೇ ಇಲ್ಲ. ಅದಕ್ಕೆ ಗಾಂಧಿ ಬಜಾರಿನ ಯಜಮಾನರೇ ಉಪಾಯ ಹೇಳಿದರು. ಅದೇ ದಪ್ಪದ ಉದ್ದನೆಯ ಹಳೆಯ ಪೋಸ್ಟ್ ಒಂದನ್ನು 250 ರೂಪಾಯಿಗೆ ಕೊಟ್ಟರು. ರಿಪೇರಿಯ ಹೊತ್ತಿಗೆ ಮಗನ ಸೀಟನ್ನು ಪೋಸ್ಟ್ ಸಮೇತ ಹೊರಗೆಳೆದು ಈ ಉದ್ದದ ಪೋಸ್ಟ್ ಇಳಿಸಿ ಬಿಗಿದರೆ ಕ್ಲಾಂಪಿಗೆ ಬೇಕಾದಷ್ಟು ಹಿಡಿ. ಮಕ್ಕಳ ಸೈಕಲ್ ಇರುವ ಮನೆಯವರು ಇದನ್ನು ನೆನಪಿಡಿ.

ಅಪ್ಪನ ಕಾಲದ ಕಪ್ಪು ಸೈಕಲ್ ಈಗಲೂ ನಮ್ಮಲ್ಲಿದೆ, ಕ್ಯಾರಿಯರ್, ಡೈನಮೊ ಸೇರಿ 21 ಕಿಲೋ. ಅದನ್ನು ಕ್ಲಾಂಪಿಗೆ ಏರಿಸುವ ಗೋಜಿಗೆ ಹೋಗಲಿಲ್ಲ. ಅದರ ಹಿಂಚಕ್ರದಲ್ಲೇ ಎರಡು ಕಾಲಿನ ಸ್ಟ್ಯಾಂಡ್ ಇದೆಯಲ್ಲ, ಹಾಕಿದರೆ ಚಕ್ರ ತಾನಾಗಿ ನೆಲ ಬಿಡುತ್ತದೆ.

ಬಳಕೆಯಲ್ಲಿ ಕಲಿತ ಕೆಲವು ಮಾತುಗಳು. ಮೂರು ಕಾಲುಗಳಲ್ಲಿ ಒಂದು ಸೈಕಲ್ಲಿನ ಭಾರವಿರುವ ಕಡೆಗೇ ಚಾಚಿರಬೇಕು, ಇಲ್ಲದಿದ್ದರೆ ಸ್ಟ್ಯಾಂಡ್ ಸಮೇತ ವಾಲುತ್ತದೆ. ಹಿತ್ತಲಿನ ನೆಲ ನೀರು ಹರಿಯಲೆಂದು ಇಳಿಜಾರಾಗಿರುತ್ತದೆ, ಮೂರು ಕಾಲಿನದು ಅಲ್ಲೂ ಅಲುಗಾಡದೆ ಕೂರುತ್ತದೆ. ಕ್ಲಾಂಪ್ ಬಿಗಿಯುವ ಮೊದಲು ಪೋಸ್ಟನ್ನೂ ರಬ್ಬರನ್ನೂ ಒರೆಸಬೇಕು, ಒಂದು ಮರಳಿನ ಕಣ ಸಾಕು ಗೀರು ಬೀಳಲು. ಹ್ಯಾಂಡಲ್ ತಿರುಗಿ ಫ್ರೇಮಿಗೆ ಬಡಿಯದಂತೆ ಹಳೆಯ ಟ್ಯೂಬಿನ ಪಟ್ಟಿಯಿಂದ ಕಟ್ಟಿಕೊಳ್ಳುತ್ತೇನೆ. ಪೆಡಲ್ ಬಿಚ್ಚುವಂಥ ಬಲ ಬೇಡುವ ಕೆಲಸವನ್ನು ಸ್ಟ್ಯಾಂಡಿನ ಮೇಲೆ ಮಾಡಬೇಡಿ, ಸೈಕಲ್ ನೆಲದ ಮೇಲಿರುವಾಗಲೇ ಸಡಿಲಿಸಿಕೊಳ್ಳಿ; ಎಡಗಡೆಯ ಪೆಡಲಿನ ತಿರುಪು ಉಲ್ಟಾ ಎಂಬುದು ನೆನಪಿರಲಿ. ಬ್ಯಾಟರಿ ಸೈಕಲ್ ಇರುವವರು ಬ್ಯಾಟರಿ ತೆಗೆದ ಮೇಲೆಯೇ ಏರಿಸಿ, ಅದರ ತೂಕವನ್ನು ಸ್ಟ್ಯಾಂಡಿನ ಮಿತಿಯೊಂದಿಗೆ ಹೋಲಿಸದೆ ಕೊಳ್ಳಬೇಡಿ. ಸೀಟ್ ಪೋಸ್ಟ್ ಕಾರ್ಬನ್ನಿನದಾಗಿದ್ದರೆ ನಾನು ಮಗನ ಸೈಕಲ್ಲಿಗೆ ಮಾಡಿದ ಹಾಗೆ ಲೋಹದ ಬೇರೆ ಪೋಸ್ಟ್ ಇಳಿಸಿ ಹಿಡಿಸುವುದು ಕ್ಷೇಮ.

ಒಟ್ಟು ಲೆಕ್ಕ ಹೀಗಾಯಿತು: ಕಂಬಿ ಸ್ಟ್ಯಾಂಡ್ 850, ಹಗ್ಗ 80, ಟೇಪು ರಟ್ಟು 120, ಸ್ಟ್ಯಾಂಡ್ 4,900, ಹಳೆಯ ಪೋಸ್ಟ್ 250. ಕೂಡಿದರೆ 6,200. ಮೊದಲೇ ದಾರ ಸುತ್ತಿ ಅಳೆದು, ಚೀಟಿ ಬರೆದುಕೊಂಡು ಹೊರಟಿದ್ದರೆ 5,150ಕ್ಕೆ ಮುಗಿಯುತ್ತಿತ್ತು, ಅರ್ಧ ಮಳೆಗಾಲವೂ ಉಳಿಯುತ್ತಿತ್ತು.

ಭಾನುವಾರ ಮೊದಲು ಮಾಡಿದ್ದು ಚೈನ್ ಅಳೆಯುವ ಕೆಲಸ. ಉಕ್ಕಿನ ಅಡಿಕೋಲನ್ನು ಚೈನಿನ ಒಂದು ಪಿನ್ನಿನ ನಡುವಿಗೆ ಹಿಡಿದರೆ, ಹೊಸ ಚೈನಿನಲ್ಲಿ, ಆ ಮೊದಲ ಪಿನ್ನನ್ನು ಬಿಟ್ಟು ಎಣಿಸಿದಾಗ, ಇಪ್ಪತ್ನಾಲ್ಕನೆಯ ಪಿನ್ನಿನ ನಡು ಸರಿಯಾಗಿ 12 ಇಂಚಿಗೆ ಬರುತ್ತದೆ, ಏಕೆಂದರೆ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು. ಒಂದು ಇಂಚಿನ ಹದಿನಾರನೆಯ ಭಾಗದಷ್ಟು ಮುಂದೆ ಹೋಗಿದ್ದರೆ ಬದಲಿಸುವ ಸಮಯ. ನನ್ನದು ಅದನ್ನೂ ದಾಟಿತ್ತು. ಹೊಸ ಚೈನ್ ಹಾಕಿ ಗೇರಿಗೆ ಕೈ ಹಚ್ಚಿದೆ. ಎರಡನೆಯ ಹಲ್ಲುಚಕ್ರಕ್ಕೆ ಚೈನ್ ಏರಲು ಹಿಂದೆಮುಂದೆ ನೋಡುತ್ತಿತ್ತು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೈಲರಿಗೆ ತಂತಿ ಸೇರುವಲ್ಲಿನ ಉರುಟು ತಿರುಪನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ಕಾಲು ಸುತ್ತು ತಿರುಗಿಸಿದೆ, ಪೆಡಲ್ ತಿರುಗಿಸಿದೆ, ಇನ್ನೂ ಕಾಲು ಸುತ್ತು. ಟಕ್ಕೆಂದು ಏರಿತು. ಒಂದೇ ಕೈಯಲ್ಲಿ ಪೆಡಲ್, ಇನ್ನೊಂದರಲ್ಲಿ ತಿರುಪು. ಸೈಕಲ್ ಅಲ್ಲೇ, ನಿಲ್ಲಿಸಿದಲ್ಲೇ ನಿಂತಿತ್ತು. ಮೂರನೆಯ ಕೈ ಬೇಕಾಗಲಿಲ್ಲ.

ಪಕ್ಕದ ಮನೆಯ ಹುಡುಗ ಕಾಂಪೌಂಡಿನ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದ. "ಆಂಟಿ, ನನ್ನ ಸೈಕಲ್ಲಿನ ಗೇರೂ ಕೂರುವುದಿಲ್ಲ, ಮುಂದಿನ ಭಾನುವಾರ ತರಲೇ?" ಎಂದು ಕೇಳಿದ. ತಾ ಎಂದೆ. ಅದಕ್ಕೂ ಮೊದಲು ಸೀಟ್ ಪೋಸ್ಟಿಗೆ ಒಂದು ಸುತ್ತು ದಾರ ಸುತ್ತಿ, ಗುರುತು ಹಾಕಿ, ಆ ದಾರವನ್ನು ನನಗೆ ತಂದುಕೊಡಲು ಹೇಳಿದ್ದೇನೆ.